ಕಾರಿನ ದೀಪಕ್ಕೆ ವರಕು

ಹೊನ್ನಾಳಿಯಲ್ಲಿ ಜಟಕಾಗಾಡಿಗೆ ಟಾಪು ಕಟ್ಟುವವರ ಮನೆ ಯಾವುದೆಂದು ಕೇಳಿದರೆ ಯಾರಾದರೂ ನಮ್ಮ ಬಾಗಿಲು ತೋರಿಸುತ್ತಿದ್ದರು. ಬಿದಿರಿನ ಕಮಾನು ಬಗ್ಗಿಸಿ, ಮೇಲೆ ಚಾಪೆ ಹಾಸಿ, ಚಾಪೆಯ ಮೇಲೆ ಕ್ಯಾನ್ವಾಸು ಎಳೆದು ಮೊಳೆ ಹೊಡೆದು, ಕೊನೆಗೆ ನೀರು ಚಿಮುಕಿಸಿ ಬಿಸಿಲಿಗೆ ಬಿಟ್ಟರೆ ಬಟ್ಟೆ ಬಿಗಿದುಕೊಳ್ಳುತ್ತಿತ್ತು. ಬೆರಳಿಂದ ತಟ್ಟಿದರೆ ತಮಟೆಯ ಸದ್ದು ಬರಬೇಕು. ಬಂತೋ, ನಮ್ಮ ಮಾವನ ಗಡ್ಡದೊಳಗೆ ನಗು ಕಾಣಿಸುತ್ತಿತ್ತು. ಹೊಲಿಗೆ ಮಾತ್ರ ಪೂರ್ತಿ ನನ್ನದು. ಇದನ್ನು ಮಾವ ಹೊರಗೆ ಯಾರಿಗೂ ಹೇಳುತ್ತಿರಲಿಲ್ಲ. ಈಗ ಹೇಳಲು ನನಗೇನೂ ಅಂಜಿಕೆಯಿಲ್ಲ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚಿನ ಮಾತು. ನನ್ನ ಗಂಡ ಭದ್ರಾವತಿಯಲ್ಲಿ ಕೆಲಸಕ್ಕಿದ್ದರು, ಹಬ್ಬಕ್ಕೆ ಬಂದು ಹೋಗುವವರು. ಮನೆಯಲ್ಲಿ ಮಾವ, ಅತ್ತೆ, ನಾನು. ಒಳಗೆ ಆಡುತ್ತಿದ್ದುದು ಉರ್ದು, ಅದರಲ್ಲೂ ಅರ್ಧ ಕನ್ನಡವೇ. ಆದ್ದರಿಂದ ಎಲ್ಲರ ಮಾತನ್ನೂ ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಆ ಕಾರು ಬಂದ ಹೊತ್ತಿನಲ್ಲಿ ನಾನು ಮೆಣಸಿನಕಾಯಿ ಅರೆಯುತ್ತಿದ್ದೆ. ಬೀದಿಯಲ್ಲಿ ಗುಡುಗುಡು ಸದ್ದು ಕೇಳಿ ಕಿಟಕಿಯ ಜಾಲರಿಗೆ ಓಡಿದೆ, ಮೂಗು ತುರಿಸಿತೆಂದು ಅದೇ ಕೈಯಿಂದ ಉಜ್ಜಿಕೊಂಡೆ. ಹಾಗಾಗಿ ಜೀವನದಲ್ಲಿ ಮೊದಲ ಸಲ ಒಂದು ಕಾರನ್ನು ಅಷ್ಟು ಹತ್ತಿರದಿಂದ ನೋಡಿದ್ದು ಧಾರಾಕಾರ ಸುರಿಯುವ ಕಣ್ಣಿಂದ. ಆದರೂ ಕಣ್ಣು ಮುಚ್ಚಲಿಲ್ಲ. ಹಸಿರು ಬಣ್ಣದ ತೆರೆದ ಕಾರು. ಮುಂದೆ ಎರಡು ದೊಡ್ಡ ದೀಪಗಳು, ತಪ್ಪಲೆಯಷ್ಟು ಅಗಲ. ಹಿಂದೆ ಹುಡ್ಡು ಎನ್ನುವ ಬಟ್ಟೆಯ ಟಾಪು ಮಡಚಿ ಬಿದ್ದಿತ್ತು, ಇಲಿ ಕಡಿದು ಚಿಂದಿಯಾಗಿ.

ಕಾರಿನ ಧಣಿ ಚನ್ನಗಿರಿ ಕಡೆಯ ನಲ್ಲೂರಿನ ಅಡಿಕೆ ಸಾಹುಕಾರರು. ದೊಡ್ಡ ಜರಿ ರುಮಾಲು, ಅದಕ್ಕಿಂತ ದೊಡ್ಡ ದನಿ. ಕಾರನ್ನು ಚಿಕ್ಕಮಗಳೂರಿನ ಯಾವನೋ ಕಾಫಿ ತೋಟದ ದೊರೆಯಿಂದ ಕೊಂಡಿದ್ದರಂತೆ. ತಾವೇ ಓಡಿಸುವವರು, ಆ ರುಮಾಲು ಊರಿಗೆಲ್ಲ ಕಾಣಲೆಂದು ಹುಡ್ಡು ಇಳಿಸಿಯೇ ಓಡಿಸುವವರು. ಹೋದ ಮಳೆಗಾಲದಲ್ಲಿ ರುಮಾಲಿನ ಬಣ್ಣ ಇಳಿದು ಮುಖವೆಲ್ಲ ಕುಂಕುಮವಾದ ಮೇಲೆ ಬುದ್ಧಿ ಬಂದು ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. ಹುಡ್ಡು ಹೊಸದಾಗಿ ಹೊಲಿಯಬೇಕು, ಅದರ ಹಿತ್ತಾಳೆ ಗುಂಡಿ, ಪಟ್ಟಿ, ತಿರುಪು ಎಲ್ಲ ಸರಿಮಾಡಬೇಕು, ದೀಪಗಳ ಒಳಗೆ ಧೂಳು ಹೋಗದಂತೆ ಹೊಸ ರಬ್ಬರು ಕೂರಿಸಬೇಕು ಎಂದರು. ಮಾವ ಕಾರಿನ ಕೆಲಸ ಎಂದೂ ಮಾಡಿದವರಲ್ಲ. ಆದರೆ ಇಲ್ಲವೆನ್ನುವುದು ಅವರ ಬಾಯಿಗೆ ಬರುತ್ತಿರಲಿಲ್ಲ.

ಮಜೂರಿ ಏನು ಎಂಬ ಮಾತು ಬಂದಾಗ ನಾನು ಬಾಗಿಲ ಹಿಂದಿನಿಂದ ಅತ್ತೆಯ ಸೆರಗು ಎಳೆದೆ. ಜಗಳೂರು, ಎಂದು ಪಿಸುಗುಟ್ಟಿದೆ. ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. ನಾನು ಬಿಡಲಿಲ್ಲ, ಇನ್ನೂ ಜೋರಾಗಿ ಎಳೆದೆ.

ಜಗಳೂರು ನನ್ನ ತವರು. ಅಮ್ಮಿ ಅಲ್ಲಿ ಅಣ್ಣನ ಮನೆಯಲ್ಲಿದ್ದಳು. ನಾನು ಮದುವೆಯಾಗಿ ಬರುವಾಗ ಇನ್ನೂ ಹುಡುಗಿ, ಆಮೇಲೆ ಒಂದೇ ಸಲ ಹೋಗಿದ್ದೆ. ನಮ್ಮದು ಗೋಷಾ ಮನೆತನ, ಹೆಂಗಸರು ಪರದೆ ಬಿಟ್ಟ ಜಟಕಾದಲ್ಲಿ ಮಾತ್ರ ಹೊರಗೆ ಹೋಗಬೇಕು. ಬಸ್ಸಿನಲ್ಲಿ ಗಂಡಸರ ಮೊಣಕಾಲಿಗೆ ಮೊಣಕಾಲು ತಗಲಿಸಿ ಕೂರುವುದು ಅತ್ತೆಗೆ ಆಗದು. ಜಟಕಾ ಹತ್ತಿ ಜಗಳೂರಿಗೆ ಹೋಗಲು ಕುದುರೆಗೂ ಆಗದು. ಹೀಗೆ ವರ್ಷಗಳು ಉರುಳಿದ್ದವು. ಅಷ್ಟರಲ್ಲಿ ಅಣ್ಣ ದಾವಣಗೆರೆಯ ಹತ್ತಿ ವ್ಯಾಪಾರಿಯೊಬ್ಬನ ಕೈಲಿ ಹೇಳಿ ಕಳಿಸಿದ್ದ. ಅಮ್ಮಿಯ ಎರಡೂ ಕಣ್ಣಿಗೆ ಪೊರೆ ಬರುತ್ತಿದೆ. ಮನೆಯೊಳಗೆ ಏನೂ ಕಾಣುವುದಿಲ್ಲ. ಉರಿಬಿಸಿಲಿಗೆ ಹಿಡಿದು ನಿಲ್ಲಿಸಿದರೆ ಮಾತ್ರ ಎದುರಿಗಿರುವವರ ಮುಖ ಹತ್ತುತ್ತದೆ. ಇನ್ನು ಸ್ವಲ್ಪ ದಿನಕ್ಕೆ ಅದೂ ಇರುವುದಿಲ್ಲ. ಬರುವುದಿದ್ದರೆ ಬೇಗ ಬಾ. ಅದನ್ನು ಕೇಳಿದಂದಿನಿಂದ ನನಗೆ ಊಟ ಸೇರುತ್ತಿರಲಿಲ್ಲ. ನನಗೆ ಅಮ್ಮಿಯನ್ನು ನೋಡಬೇಕು ಎನ್ನುವುದಕ್ಕಿಂತ ಅಮ್ಮಿ ನನ್ನನ್ನು ನೋಡಬೇಕಿತ್ತು. ಆ ಪೊರೆ ಕಣ್ಣು ಮುಚ್ಚುವುದರೊಳಗೆ ಒಂದು ಸಲ.

ಮಜೂರಿಯ ಬದಲು ಕಾರಿನಲ್ಲಿ ಜಗಳೂರಿಗೆ ಕರೆದೊಯ್ಯಲಿ ಎಂದು ಅತ್ತೆ ಮಾವನಿಗೆ ಹೇಳಿದರು, ಮಾವ ಸಾಹುಕಾರರಿಗೆ. ಸಾಹುಕಾರರು ಗಟ್ಟಿಯಾಗಿ ನಕ್ಕು ಒಪ್ಪಿಬಿಟ್ಟರು. ಸಂತೆಯ ದಿನ ಅಡಿಕೆ ಮಾತಾಡಲು ದಾವಣಗೆರೆಗೆ ಹೋಗುವುದು ಹೇಗೂ ಇತ್ತು. ಬೆಳಿಗ್ಗೆ ಹೊರಟು, ಮಧ್ಯಾಹ್ನ ಅಲ್ಲಿಂದ ಜಗಳೂರು, ಒಂದು ತಾಸು ನಿಂತು ವಾಪಸು. ಅದಕ್ಕಿಂತ ಹೆಚ್ಚು ನಿಲ್ಲಲು ಪುರಸೊತ್ತಿಲ್ಲ. ಹುಡ್ಡು ಮುಚ್ಚಿ ಸುತ್ತ ಪರದೆ ಬರಬೇಕು, ಅದು ನಮ್ಮ ಅತ್ತೆಯ ಷರತ್ತು. ದೀಪ ಚೆನ್ನಾಗಿ ಉರಿಯಬೇಕು, ಅದು ಸಾಹುಕಾರರ ಷರತ್ತು, ಏಕೆಂದರೆ ವಾಪಸು ಬರುವುದು ಕತ್ತಲಲ್ಲಿ. ಕಾರನ್ನು ನಮ್ಮ ಮನೆ ಮುಂದಿನ ಹೊಂಗೆ ಮರದ ಕೆಳಗೆ ಬಿಟ್ಟು ಅವರು ಬಸ್ಸಿನಲ್ಲಿ ಊರಿಗೆ ಹೋದರು. ನಾನು ಅಂದೇ ಸೂಜಿಗೆ ದಾರ ಪೋಣಿಸಿದೆ.

ಹುಡ್ಡಿನ ಒಳಗೆ ಬಾಗಿದ ಕಮಾನುಗಳು, ಕಬ್ಬಿಣದ ಮೊಣಕೈಗಳು. ಎಳೆದರೆ ಏಳುವುದು, ಒತ್ತಿದರೆ ಮಡಚಿಕೊಳ್ಳುವುದು. ಮುಂದೆ ಗಾಜಿನ ಚೌಕಟ್ಟಿಗೆ ಎರಡು ತಿರುಪು, ಪಕ್ಕದ ಪರದೆಗಳಿಗೆ ಹಿತ್ತಾಳೆಯ ಒತ್ತುಗುಂಡಿಗಳು. ನನಗೆ ಆ ಗುಂಡಿಗಳ ಮೇಲೆ ಮೋಹ ಹುಟ್ಟಿತು. ಒತ್ತಿದರೆ ಟಕ್ ಎಂದು ಕೂರುತ್ತಿದ್ದವು. ಒಂದೊಂದನ್ನೂ ಎಣ್ಣೆ ಹಚ್ಚಿ ಒರೆಸಿ ಕಿವಿಯ ಹತ್ತಿರ ಹಿಡಿದು ಟಕ್ ಅನ್ನಿಸಿ ನೋಡಿದೆ. ಅತ್ತೆ ನನಗೆ ಗಾಳಿ ಹಿಡಿದಿದೆ ಎಂದರು.

ಹೊಲಿದದ್ದಾಯಿತು, ಬಿಗಿದದ್ದಾಯಿತು. ಮಾವ ತಂಬಿಗೆಯಲ್ಲಿ ನೀರು ತಂದರು. ಇದು ಮಡಚುವ ಟಾಪು, ಜಟಕಾದ ಹಾಗೆ ನೀರು ಹಾಕಿ ಬಿಗಿ ಮಾಡಬೇಡಿ ಎಂದೆ. ನೀನು ಹುಟ್ಟುವ ಮೊದಲಿಂದ ಟಾಪು ಕಟ್ಟುತ್ತಿದ್ದೇನೆ ಎಂದರು. ನೀರು ಚಿಮುಕಿಸಿದರು. ಬಿಸಿಲಿಗೆ ಒಣಗಿದ ಮೇಲೆ ತಟ್ಟಿದರೆ ಎಂಥ ತಮಟೆ! ಮಾವ ಬೀದಿಯವರನ್ನೆಲ್ಲ ಕರೆದು ತಟ್ಟಿಸಿದರು. ಆಮೇಲೆ ಹುಡ್ಡು ಮಡಚಿ ಮತ್ತೆ ಎಳೆದರೆ ಅದು ಮುಂದಿನ ಗಾಜಿಗೆ ನಾಲ್ಕು ಬೆರಳು ಸಾಲದೆ ನಿಂತಿತು. ಮಾವ ಜಗ್ಗಿದರು, ಪಕ್ಕದ ಮನೆಯವರನ್ನು ಕೂಗಿ ಜಗ್ಗಿಸಿದರು. ಒಂದು ಗುಂಡಿ ಸಿಡಿದು ಹೋಗಿ ಅತ್ತೆಯ ಕೋಳಿಗೆ ಬಡಿಯಿತು. ಅತ್ತೆಗೆ ಕಾರಿನ ಮೇಲೆ ಮೊದಲ ಸಿಟ್ಟು ಬಂದದ್ದು ಆಗ. ಕೊನೆಗೆ ನಾನು ಮುಂದಿನ ಹೊಲಿಗೆ ಬಿಚ್ಚಿ, ಮೊದಲೇ ನೀರಲ್ಲಿ ನೆನೆಸಿ ಒಣಗಿಸಿದ ಇನ್ನೊಂದು ಪಟ್ಟಿ ಸೇರಿಸಿ ಸರಿಮಾಡಿದೆ. ಮಾವ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ, ಆ ಎರಡು ದಿನ ಕೆಲಸ ಬೇಗ ಬೇಗ ಸಾಗಿತು.

ಪಕ್ಕದ ಪರದೆಗಳಲ್ಲಿ ಮೊದಲು ಕಿಟಕಿಗಳಿದ್ದವು. ಗಾಜಲ್ಲ, ಕಾಗೆಬಂಗಾರದಂಥ ಬಾಗುವ ಹಾಳೆ, ಹಳದಿಯಾಗಿ ಒಡೆದಿತ್ತು. ಜಟಕಾ ಪರದೆಗೆ ಎಲ್ಲಾದರೂ ಕಿಟಕಿ ಇರುತ್ತದೆಯೇ ಎಂದು ಮಾವ ಅದನ್ನು ಕಿತ್ತೆಸೆದರು. ನಾನು ಅದರಲ್ಲಿ ಒಡೆಯದ ಒಂದು ಅಂಗೈ ಅಗಲದ ತುಂಡು ಆರಿಸಿಟ್ಟುಕೊಂಡು, ನಾನು ಕೂರುವ ಕಡೆಯ ಪರದೆಗೆ ಹೊಲಿದುಬಿಟ್ಟೆ. ಅಷ್ಟು ದೂರ ಹೋಗಿ ದಾರಿ ನೋಡದೆ ಬರಲು ನಾನೇನು ಅಡಿಕೆ ಮೂಟೆಯೇ?

ಇಷ್ಟರಲ್ಲಿ ಮಾವ ದೀಪಗಳನ್ನು ಬಿಚ್ಚಿದ್ದರು. ಗಾಜು, ಸುತ್ತಿನ ಹಿತ್ತಾಳೆ ಬಳೆ, ಒಳಗೆ ಬಟ್ಟಲಿನಂಥ ಲೋಹ. ಬಟ್ಟಲಿನ ಒಳಮೈ ಅಲ್ಲಲ್ಲಿ ಕಪ್ಪಿಟ್ಟು ಮಂಕಾಗಿತ್ತು. ಹೊಸ ರಬ್ಬರು ಕತ್ತರಿಸುವಷ್ಟು ಹೊತ್ತು ಅವನ್ನು ಹಿತ್ತಿಲ ಕಟ್ಟೆಯ ಮೇಲೆ ಇಟ್ಟರು. ಅಲ್ಲಿ ಅತ್ತೆ ಪಾತ್ರೆ ಬೆಳಗುತ್ತಿದ್ದರು.

ನಮ್ಮ ಅತ್ತೆಯ ವಿಷಯ ಒಂದು ಮಾತು ಹೇಳಬೇಕು. ಅವರ ಕಣ್ಣೆದುರು ಮಂಕಾದ ಲೋಹ ಇರಕೂಡದು. ನೆರೆಮನೆಯಿಂದ ಸಾರು ಬಂದ ಪಾತ್ರೆಯನ್ನೂ ಬೆಳಗಿ ಹೊಳೆಯಿಸಿಯೇ ವಾಪಸು ಕೊಡುವವರು. ಇದರಿಂದ ನೆರೆಯವರು ಬೇಕೆಂದೇ ಕಪ್ಪು ಹಿಡಿದ ಪಾತ್ರೆಯಲ್ಲಿ ಸಾರು ಕಳಿಸುತ್ತಾರೆ ಎಂದು ನಾನು ಗೇಲಿ ಮಾಡುತ್ತಿದ್ದೆ. ಬೇರೆಯವರ ದೀಪ ನಮ್ಮ ಮನೆಗೆ ಬಂದು ಮಂಕಾಗಿಯೇ ಹೋಗುವುದೆಂದರೇನು! ಹುಣಸೆಹಣ್ಣು, ಬೂದಿ, ಇಟ್ಟಿಗೆ ಪುಡಿ ಹಾಕಿ ಆ ಎರಡು ಬಟ್ಟಲುಗಳನ್ನು ತೋಳು ನೋಯುವಷ್ಟು ಉಜ್ಜಿದರು. ತೊಳೆದು ಎತ್ತಿ ಹಿಡಿದರೆ ಒಳಮೈ ಬಂಗಾರದ ಹಾಗೆ ಹಳದಿಯಾಗಿ ಮಿರುಗುತ್ತಿತ್ತು. ನಾನೂ ಹೊಗಳಿದೆ, ಮಾವನೂ ಹೊಗಳಿದರು. ಸಾಹುಕಾರರು ಬಂದು ಗಾಜಿನ ಹೊರಗಿಂದಲೇ ನೋಡಿ, ದೊರೆಯ ಕೈಲೂ ಇಷ್ಟು ಹೊಳಪು ಇರಲಿಲ್ಲ ಎಂದರು. ಅತ್ತೆ ಬಾಗಿಲ ಹಿಂದೆ ನಿಂತು ಅದನ್ನು ಕೇಳಿ, ಒಳಗೆ ಹೋಗಿ ಮತ್ತೆರಡು ತಪ್ಪಲೆ ಬೆಳಗಿದರು.

ಪರೀಕ್ಷೆಗೆಂದು ಸಾಹುಕಾರರು ನಮ್ಮನ್ನೆಲ್ಲ ಹತ್ತಿಸಿಕೊಂಡು ನ್ಯಾಮತಿಯ ತನಕ ಹೋಗಿ ಬರೋಣ ಎಂದರು. ಸಂಜೆ ಹೊತ್ತು. ಮುಂದೆ ಅವರೂ ಮಾವನೂ, ಹಿಂದೆ ಪರದೆಯೊಳಗೆ ಅತ್ತೆ ಮತ್ತು ನಾನು. ಎಲ್ಲ ಗುಂಡಿಯನ್ನೂ ನಾನೇ ಒತ್ತಿದೆ. ಕಾರು ಮುಂದಕ್ಕೆ ಹಾರಿದಾಗ ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ಕಣ್ಣು ಮುಚ್ಚಿ ನನ್ನ ತೊಡೆಯನ್ನು ಗಟ್ಟಿಯಾಗಿ ಹಿಡಿದಿದ್ದರು. ನಾನು ಆ ಅಂಗೈ ಅಗಲದ ಕಿಟಕಿಗೆ ಮುಖ ಒತ್ತಿದ್ದೆ. ಗದ್ದೆ ಓಡುತ್ತಿತ್ತು, ಎತ್ತು ಓಡುತ್ತಿದ್ದವು, ಗೋವಿನಕೋವಿಯ ಹತ್ತಿರ ಹುಲ್ಲು ಹೊತ್ತ ಹೆಂಗಸರು ಓಡುತ್ತಿದ್ದರು. ಹುಡ್ಡು ಗಾಳಿಗೆ ಉಬ್ಬಿ ಪಟಪಟ ಅಂದರೂ ಒಂದು ಗುಂಡಿಯೂ ಬಿಚ್ಚಲಿಲ್ಲ. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ವಾಪಸು ಬರುವಾಗ ಕತ್ತಲಾಯಿತು. ಸಾಹುಕಾರರು ದೀಪ ಹಾಕಿದರು. ಸ್ವಲ್ಪ ದೂರ ಹೋಗಿ ನಿಲ್ಲಿಸಿದರು, ಇಳಿದು ನೋಡಿದರು, ಮತ್ತೆ ಹತ್ತಿದರು. ಬೆಳಕು ಕಾರಿನ ಮೂಗಿನ ಮುಂದೆ ಅರಿಶಿನದ ನೀರು ಚೆಲ್ಲಿದಂತೆ ಬಿದ್ದಿತ್ತೇ ಹೊರತು ಮುಂದಕ್ಕೆ ಹೋಗುತ್ತಿರಲಿಲ್ಲ. ಹೊನ್ನಾಳಿ ಹತ್ತಿರ ಒಂದು ಎತ್ತಿನ ಗಾಡಿ ಏಕಾಏಕಿ ಎದುರಾಗಿ, ಸಾಹುಕಾರರು ಕಾರನ್ನು ಬದುವಿಗೆ ಹತ್ತಿಸಿದರು. ಯಾರಿಗೂ ಏನೂ ಆಗಲಿಲ್ಲ. ಮನೆಯ ಮುಂದೆ ಇಳಿದು ಅವರು ದೀಪದ ಬಳೆ ತಿರುಗಿಸಿ ಲಾಂದ್ರ ಹಿಡಿದು ಒಳಗೆ ನೋಡಿ ಹಣೆ ಚಚ್ಚಿಕೊಂಡರು. ದೊರೆ ಕೊಡುವಾಗಲೇ ಹೇಳಿದ್ದನಂತೆ, ಬಟ್ಟಲಿನ ಒಳಮೈಗೆ ಬೆಳ್ಳಿ ನೀರು ಕೊಟ್ಟಿದೆ, ಅದನ್ನು ಬಟ್ಟೆಯಿಂದಲೂ ಮುಟ್ಟಬಾರದು ಎಂದು. ಅತ್ತೆ ಉಜ್ಜಿದ್ದಕ್ಕೆ ಆ ಬೆಳ್ಳಿಯೆಲ್ಲ ಹೋಗಿ ಅಡಿಯ ಹಿತ್ತಾಳೆ ಉಳಿದಿತ್ತು. ದೀಪದ ಹೊಟ್ಟೆಯನ್ನು ಯಾರಾದರೂ ತೊಳೆಯುತ್ತಾರೆಂದು ಇವರಿಗೆ ಕನಸು ಬಿದ್ದಿತ್ತೇ? ಹೊಸ ಬಟ್ಟಲು ಮುಂಬಯಿಯಿಂದ ಬರಬೇಕು, ತಿಂಗಳುಗಳೇ ಹಿಡಿಯುತ್ತದೆ.

"ಜಗಳೂರು ಆಗಾಕಿಲ್ಲ ಸಾಬ್ರೆ," ಎಂದರು ಅವರು ಮಾವನಿಗೆ, ದನಿ ತಗ್ಗಿಸಿ. "ಈ ದೀಪ ಇಟ್ಕೊಂಡು ಆ ದಾರ್ಯಾಗೆ ಕತ್ತಲಾಗೆ ಬರಾಕೆ ನಂಗೆ ಧೈರ್ಯ ಇಲ್ಲ. ಹೆಣ್ಮಕ್ಳು ಇರ್ತಾರೆ ಕಾರ್ನಾಗೆ." ಸಂತೆಯ ದಿನ ಬಂದು ಒಯ್ಯುತ್ತೇನೆಂದು ಕಾರನ್ನು ಹೊಂಗೆ ಮರದ ಕೆಳಗೇ ಬಿಟ್ಟು ಹೋದರು.

ನನಗೆ ಅತ್ತೆಯ ಮೇಲೆ ಬಂದ ಸಿಟ್ಟನ್ನು ಈಗಲೂ ಮುಚ್ಚಿಡುವುದಿಲ್ಲ. ಆ ಹೆಂಗಸು ನನ್ನ ಅಮ್ಮಿಯ ಕಣ್ಣನ್ನೇ ಹುಣಸೆಹಣ್ಣು ಹಾಕಿ ಉಜ್ಜಿ ತೆಗೆದರು ಎನ್ನಿಸಿತು. ಅವರು ಆ ರಾತ್ರಿ ರೊಟ್ಟಿ ಮುಟ್ಟಲಿಲ್ಲ. ಮರುದಿನ ಬೆಳಿಗ್ಗೆ ಪಾತ್ರೆಗಳ ರಾಶಿ ಹಾಗೇ ಬಿದ್ದಿತ್ತು, ಆ ಮನೆಯಲ್ಲಿ ನಾನು ಅಂಥದ್ದನ್ನು ನೋಡಿರಲೇ ಇಲ್ಲ.

ಅಂದು ನೆರೆಮನೆಯಲ್ಲಿ ಕೂಸಿಗೆ ಹೆಸರಿಡುವುದಿತ್ತು. ಮಿಠಾಯಿಗೆ ವರಕು ಹಚ್ಚಲು ಎಲ್ಲರೂ ನಮ್ಮ ಅತ್ತೆಯನ್ನೇ ಕರೆಯುತ್ತಿದ್ದರು. ವರಕೆಂದರೆ ಬೆಳ್ಳಿಯನ್ನು ಉಸಿರಿಗೇ ಹಾರುವಷ್ಟು ತೆಳ್ಳಗೆ ಬಡಿದ ಹಾಳೆ. ಬೆರಳು ತಗಲಿದರೆ ಪುಡಿ. ಅತ್ತೆ ಅದಕ್ಕೆ ಬೆರಳು ಹಚ್ಚುತ್ತಲೇ ಇರಲಿಲ್ಲ. ಕಾಗದದ ಸಮೇತ ಮಿಠಾಯಿಯ ಮೇಲೆ ಬೋರಲು ಹಿಡಿದು, ತುಟಿ ಸಣ್ಣದು ಮಾಡಿ ಹೂಂ ಎಂದು ಬಿಸಿಯುಸಿರು ಬಿಡುವರು; ವರಕು ಸುಕ್ಕಿಲ್ಲದೆ ಹೋಗಿ ಕೂರುವುದು. ಮನಸ್ಸಿಲ್ಲದಿದ್ದರೂ ಕರೆ ಬಂದದ್ದಕ್ಕೆ ಹೋದರು, ನಾನೂ ಮುಖ ಊದಿಸಿಕೊಂಡೇ ಹಿಂದೆ ಹೋದೆ. ದೊಡ್ಡ ತಟ್ಟೆಯ ತುಂಬ ಖೋವಾ. ಅತ್ತೆ ವರಕು ಹಚ್ಚಿ ಮುಗಿಸಿ ತಟ್ಟೆಯನ್ನು ಎತ್ತಿ ಬಾಗಿಲ ಕಡೆ ತಿರುಗಿದರು. ಬಿಸಿಲು ತಟ್ಟೆಗೆ ಬಿತ್ತು, ಎದುರಿನ ಗೋಡೆಯ ಮೇಲೆ ಬಿಳೀ ಬೆಳಕಿನ ದೊಡ್ಡ ತುಂಡೊಂದು ಎದ್ದು ಕುಣಿಯಿತು.

ನಾನು ಗೋಡೆ ನೋಡಿದೆ. ಅತ್ತೆ ಗೋಡೆ ನೋಡಿದರು. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅತ್ತೆ ತಟ್ಟೆ ಕೆಳಗಿಟ್ಟು ಉಳಿದ ವರಕಿನ ಕಟ್ಟನ್ನು ಸೆರಗಿಗೆ ಸೇರಿಸಿ, ಕೂಸಿನ ತಾಯಿಗೆ ಆಮೇಲೆ ಹೇಳುತ್ತೇನೆ ಎಂದು ಕೈಸನ್ನೆ ಮಾಡಿ ಹೊರಬಿದ್ದರು. ಆ ವಯಸ್ಸಿನಲ್ಲಿ ಅವರು ಅಷ್ಟು ಜೋರಾಗಿ ನಡೆದದ್ದನ್ನು ನಾನು ಮುಂದೆಯೂ ಕಾಣಲಿಲ್ಲ.

ವರಕು ಲೋಹಕ್ಕೆ ಅಂಟುವುದು ಹೇಗೆ? ಜಟಕಾದ ಮರಕ್ಕೆ ಬಳಿಯುವ ವಾರ್ನೀಷು ಮಾವನ ಹತ್ತಿರ ಇತ್ತು. ಬಟ್ಟಲಿನೊಳಗೆ ತೆಳ್ಳಗೆ ಬಳಿದೆವು. ಅವಸರಕ್ಕೆ ಹಸಿಯಲ್ಲೇ ವರಕು ಬಿಟ್ಟರೆ ಅದು ಸಾರಿನಲ್ಲಿ ಬಿದ್ದ ಹಪ್ಪಳದಂತೆ ಮುದುಡಿ ಮುಳುಗಿತು. ಒರೆಸಿ ಮತ್ತೆ ಬಳಿದೆವು. ಈ ಸಲ ಕಾದೆವು. ನಾನು ಕ್ಷಣಕ್ಷಣಕ್ಕೂ ಬಟ್ಟಲಿನ ಅಂಚಿಗೆ ಬೆರಳು ಮುಟ್ಟಿಸಿ ನೋಡುತ್ತಿದ್ದೆ. ಬೆರಳು ಎತ್ತುವಾಗ ಸಣ್ಣಗೆ ಹಿಡಿದೆಳೆದ ಹಾಗಾದಾಗ ಅತ್ತೆಗೆ ಹೇಳಿದೆ. ಅವರು ಬಾಗಿಲು ಕಿಟಕಿ ಮುಚ್ಚಿಸಿದರು, ಗಾಳಿ ಆಡಬಾರದು. ಮಾವನಿಗೆ ಉಸಿರಾಡಬೇಡಿ ಎಂದರು. ಬೋರಲು ಹಿಡಿದ ಕಾಗದ, ಸಣ್ಣ ತುಟಿ, ಹೂಂ. ಒಂದು ಹಾಳೆ ಕೂತಿತು. ಅದರ ಪಕ್ಕಕ್ಕೆ ಇನ್ನೊಂದು. ಬಟ್ಟಲಿನ ಬಾಗಿದ ಮೈಯಲ್ಲಿ ಅಂಚಿಗೆ ಅಂಚು ಸೇರಿಸುತ್ತ ಹೋದರು, ನಾನು ಹತ್ತಿಯ ಉಂಡೆಯಿಂದ ಮೆಲ್ಲಗೆ ಅದುಮುತ್ತ ಹೋದೆ. ನಡುವೆ ಕೂದಲು ಕಣ್ಣಿಗೆ ಬಿದ್ದು ವಾರ್ನೀಷಿನ ಕೈಯಿಂದಲೇ ಹಿಂದಕ್ಕೆ ಸರಿಸಿದ್ದೆ. ಕೆಲಸ ಮುಗಿದ ಮೇಲೆ ನೋಡಿದರೆ ಹಣೆಯ ಮೇಲಿನ ಒಂದು ಎಳೆಗೆ ವರಕು ಮೆತ್ತಿಕೊಂಡು ಒಣಗಿಹೋಗಿತ್ತು. ಎಣ್ಣೆಗೂ ಬಿಡಲಿಲ್ಲ, ಸೀಗೆಗೂ ಬಿಡಲಿಲ್ಲ. ಕತ್ತರಿಸಿ ಹಾಕು ಎಂದರು ಅತ್ತೆ. ಹಾಗೇ ಇರಲಿ, ನೋಡುವವರು ಯಾರು ಎಂದೆ.

ದೀಪ ಮತ್ತೆ ಕೂರಿಸಿದ ಸಂಜೆ, ಬೀದಿ ಖಾಲಿಯಾದಾಗ, ಮಾವ ಸ್ವಿಚ್ಚಿನ ಹತ್ತಿರ ಕೈ ಒಯ್ದು ಹಿಂದಕ್ಕೆ ತೆಗೆದರು. ಸಾಹುಕಾರರು ಒತ್ತಿದ್ದನ್ನು ನಾನು ನೋಡಿಟ್ಟುಕೊಂಡಿದ್ದೆ. ಪರದೆಯೊಳಗಿಂದ ಮುಂದಕ್ಕೆ ಬಗ್ಗಿ ಒತ್ತಿದೆ. ಬೀದಿಯ ತುದಿಯ ಸುಣ್ಣದ ಗೋಡೆ ಹಗಲಾಯಿತು. ಅಲ್ಲಿ ಮಲಗಿದ್ದ ಎಮ್ಮೆ ಬೆಳಗಾಯಿತೆಂದು ಎದ್ದು ನಿಂತಿತು. ಮಾವ ಕುಣಿಯುವುದೊಂದು ಬಾಕಿ. ಅತ್ತೆ ಒಳಗೆ ಹೋಗಿ ಇದ್ದಬದ್ದ ಪಾತ್ರೆಯನ್ನೆಲ್ಲ ತಂದು ಬೆಳಗಲು ಕೂತರು.

ಸಂತೆಯ ದಿನ ಸಾಹುಕಾರರು ಕಾರು ಒಯ್ಯಲು ಬಂದಾಗ ಮಾವ ಕತ್ತಲೆಯ ಕೊಟ್ಟಿಗೆಯ ಕಡೆ ಮುಖ ಮಾಡಿ ದೀಪ ಹಾಕಲು ಹೇಳಿದರು. ಸಾಹುಕಾರರು ಹಾಕಿದರು, ರುಮಾಲು ಹಿಂದಕ್ಕೆ ತಳ್ಳಿ ತಲೆ ಕೆರೆದುಕೊಂಡರು. ಬಟ್ಟಲು ಎಲ್ಲಿಂದ ತರಿಸಿದಿರಿ ಎಂದು ಕೇಳಿದರು. ಮಿಠಾಯಿ ಮೇಲಿಂದ ಎಂದರು ಮಾವ. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ, ಎಲ್ಲರೂ ಕಾರು ಹತ್ತಿ ಎಂದರು, ಅಷ್ಟೇ.

ಹರಿಹರದ ದಾರಿ ಹಿಡಿದು ದಾವಣಗೆರೆ ಸೇರಿದೆವು. ಅಲ್ಲಿ ನಮ್ಮ ಗ್ರಹಚಾರ ಕಾದಿತ್ತು. ಅಡಿಕೆಯ ತೂಕದಲ್ಲಿ ಏನೋ ತಕರಾರಾಗಿ ಸಾಹುಕಾರರು ಮಂಡಿಯೊಳಗೆ ಹೋದವರು ಹೊರಗೆ ಬರಲೇ ಇಲ್ಲ. ಪರದೆಯೊಳಗೆ ಬೆಂದು ಬೇಯುತ್ತ ನಾನು ಆ ಚಿಕ್ಕ ಕಿಟಕಿಯಲ್ಲಿ ನೆರಳು ಉದ್ದವಾಗುವುದನ್ನೇ ನೋಡುತ್ತ ಕೂತಿದ್ದೆ. ಅಂತೂ ಹೊರಟಾಗ ಬಿಸಿಲು ಆಗಲೇ ಹಳದಿ ತಿರುಗಿತ್ತು. ಜಗಳೂರಿನ ದಾರಿ, ಕೆಂಪು ಮಣ್ಣು, ಬರೀ ಬಂಡೆ, ಜಾಲಿ. ಅರ್ಧ ದಾರಿಯಲ್ಲಿ ಕುರಿಹಿಂಡು. ಒಂದು ದಾಟಿದರೆ ಇನ್ನೊಂದು. ಆ ಕುರಿಗಳನ್ನು ನಾನು ಬೈದಷ್ಟು ಯಾವ ಮನುಷ್ಯರನ್ನೂ ಬೈದಿಲ್ಲ. ಅತ್ತೆ ನನ್ನ ಬಾಯಿಗೆ ಕೈ ಅಡ್ಡ ಇಟ್ಟರು, ಆಮೇಲೆ ನನ್ನನ್ನು ಸ್ವಲ್ಪ ಸರಿಸಿ ತಾವೂ ಕಿಟಕಿಗೆ ಮುಖ ತಂದು ಸೂರ್ಯ ಎಷ್ಟು ಉಳಿದಿದೆ ಎಂದು ನೋಡಿದರು. ಸೂರ್ಯ ಜಾಲಿ ಗಿಡದೊಳಗೆ ಇಳಿಯುತ್ತಿತ್ತು.

ಅಣ್ಣನ ಮನೆಯ ಮುಂದೆ ಇಳಿದಾಗ ಬೂದುಬಣ್ಣದ ಮುಸ್ಸಂಜೆ. ಅಮ್ಮಿ ಹೊಸ್ತಿಲಲ್ಲಿ ನಿಂತಿದ್ದಳು, ಬೇರೆ ಯಾವುದೋ ಕಡೆ ಮುಖ ಮಾಡಿ. ಓಡಿ ಹೋಗಿ ತಬ್ಬಿಕೊಂಡೆ. ಅವಳು ನನ್ನ ಕೆನ್ನೆ, ಮೂಗು, ಕಿವಿಯೋಲೆ ಎಲ್ಲ ಮುಟ್ಟಿ ನೋಡಿದಳು. ಅಣ್ಣ ಲಾಂದ್ರ ತಂದು ನನ್ನ ಮುಖದ ಹತ್ತಿರ ಹಿಡಿದ. ಅಮ್ಮಿ ಬಗ್ಗಿ, ಕಣ್ಣು ಕಿರಿದು ಮಾಡಿ, ಅಗಲಿಸಿ, ತುಂಬ ಹೊತ್ತು ಪ್ರಯತ್ನ ಪಟ್ಟಳು.

"ದೀಪ ಕಾಣ್ತೈತೆ," ಎಂದಳು. "ನೀನು ಕಾಣಂಗಿಲ್ಲ."

ನಾನು ಅಳಲಿಲ್ಲ. ಅಳುವುದಕ್ಕೂ ಕೈಲಾಗದಷ್ಟು ಸೋತಿದ್ದೆ. ನಾಳೆ ಬೆಳಗಾದರೆ ಬಿಸಿಲು ಬರುತ್ತದೆ, ಆದರೆ ಸಾಹುಕಾರರು ಒಂದು ತಾಸು ಎಂದಿದ್ದರು, ಇಲ್ಲೇ ಉಳಿದರೆ ಮತ್ತೆ ಹೊನ್ನಾಳಿಗೆ ಕರೆತರುವವರು ಯಾರು? ಒಳಗೆ ಅತ್ತಿಗೆ ಚಹಾ ಕುದಿಸುತ್ತಿದ್ದಳು. ಅಷ್ಟರಲ್ಲಿ ನಮ್ಮ ಅತ್ತೆ ಎದ್ದು ಬಾಗಿಲಿಗೆ ಹೋಗಿ, ಎಂದೂ ಪರಪುರುಷರೊಡನೆ ಮಾತಾಡದವರು, ಬೀದಿಯಲ್ಲಿ ನಿಂತಿದ್ದ ಸಾಹುಕಾರರಿಗೇ ನೇರವಾಗಿ ಹೇಳಿದರು.

"ದೀಪ ಹಾಕ್ರಿ. ಇಂಜಿನ್ನೂ ಜೋರು ಮಾಡ್ರಿ."

ಆಮೇಲೆ ಎಲ್ಲ ಅವರದೇ ದರ್ಬಾರು. ಅಮ್ಮಿಯನ್ನು ಕೈಹಿಡಿದು ತಂದು ಕಾರಿನ ಮೂಗಿನ ಪಕ್ಕ ಸ್ಟೂಲು ಹಾಕಿ ಕೂರಿಸಿದರು. ಪಕ್ಕದ ಪರದೆಗಳನ್ನು ಬಿಚ್ಚಿಸಿದರು, ಟಕ್ ಟಕ್ ಟಕ್. ಮಾವ ಒಂದನ್ನು ಹಿಡಿದು ಬೀದಿಯ ಆ ತುದಿಗೆ, ಅಣ್ಣ ಇನ್ನೊಂದನ್ನು ಹಿಡಿದು ಈ ತುದಿಗೆ, ಇಬ್ಬರೂ ನಮ್ಮ ಕಡೆ ಬೆನ್ನು ಹಾಕಿ ಗೋಡೆಯ ಹಾಗೆ ನಿಂತರು. ಉಳಿದವರು ಸಾಹುಕಾರರು. ಅವರು ಕಾರು ಬಿಟ್ಟು ಇಳಿಯುವಂತಿಲ್ಲ, ಇಳಿದರೆ ಇಂಜಿನ್ನು ತಗ್ಗಿ ದೀಪವೂ ತಗ್ಗುತ್ತದೆ. ಒಂದು ಕ್ಷಣ ಯೋಚಿಸಿ, ಊರಿಗೆಲ್ಲ ತೋರಿಸುತ್ತಿದ್ದ ಆ ಜರಿ ರುಮಾಲನ್ನು ಹಣೆಯಿಂದ ಕೆಳಗೆ ಎಳೆದುಕೊಂಡು ಕಣ್ಣು ಮುಚ್ಚಿದರು, ಗಲ್ಲದ ತನಕ.

ನಾನು ಅತ್ತೆಯ ಮುಖ ನೋಡಿದೆ. ಬಸ್ಸಿನಲ್ಲಿ ಮೊಣಕಾಲು ತಗಲುವುದೂ ಕೂಡದೆಂದು ನನ್ನನ್ನು ಇಷ್ಟು ವರ್ಷ ಮನೆಯಲ್ಲಿ ಇರಿಸಿದವರು, ನಡುಬೀದಿಯಲ್ಲಿ, ತಾವೇ ಕೈಯೆತ್ತಿ ನನ್ನ ಬುರ್ಖಾ ತೆಗೆದು ತಮ್ಮ ತೋಳ ಮೇಲೆ ಹಾಕಿಕೊಂಡರು. ಹೋಗು, ಎಂದು ಬೆನ್ನಿಗೆ ಕೈ ಕೊಟ್ಟರು.

ಬೆಳಕಿನೊಳಕ್ಕೆ ನಡೆದೆ. ಅದು ಮೈಗೆ ಬಿಸಿಲಿನ ಹಾಗೆ ಬಡಿಯಿತು. ಏನೂ ಕಾಣುತ್ತಿರಲಿಲ್ಲ, ಎದುರಿಗೆ ಎರಡು ಬಿಳೀ ಸೂರ್ಯ ಮಾತ್ರ, ಅದರ ಪಕ್ಕ ಎಲ್ಲೋ ನನ್ನ ಅಮ್ಮಿ. ಮುಖವನ್ನು ಹಾಗೆ ತಿರುಗಿಸಿದೆ, ಹೀಗೆ ತಿರುಗಿಸಿದೆ. ಇಂಜಿನ್ನಿನ ಗುಡುಗುಡು ಒಂದೇ ಸದ್ದು.

"ಯಾ ಅಲ್ಲಾ," ಎಂದಿತು ಅಮ್ಮಿಯ ದನಿ. "ಇಷ್ಟ್ ಬೇಗ ತಲೆ ನೆರೀತೇನೇ ನಿಂದು?"

ನನಗೆ ತಕ್ಷಣ ತಿಳಿಯಲಿಲ್ಲ. ಆಮೇಲೆ ಕೈ ತಾನಾಗಿ ಹಣೆಯ ಮೇಲಿನ ಆ ಎಳೆಗೆ ಹೋಯಿತು. ಅಷ್ಟರಲ್ಲಿ ಅಮ್ಮಿ ಅತ್ತೆಯ ಕಡೆ ತಿರುಗಿ, ನನ್ನ ಮಗಳಿಗೆ ಏನು ಕೆಲಸ ಹೇಳುತ್ತೀರಿ, ಈ ವಯಸ್ಸಿಗೆ ಬಿಳಿಕೂದಲು ಬರುವಂಥದ್ದು ಎಂದು ಶುರುಮಾಡಿಬಿಟ್ಟಿದ್ದಳು. ಯಾರ ಮಾತನ್ನೂ ಹೊರಲಾರದ ನಮ್ಮ ಅತ್ತೆ ಆ ಬೈಗುಳವನ್ನೆಲ್ಲ ನಿಂತು ಕೇಳಿದರು, ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಅದು ನೆರೆಯಲ್ಲ, ವರಕು, ಎಂದು ಹೇಳಹೊರಟು ಬಾಯಿಗೆ ಸೆರಗು ಒತ್ತಿಕೊಂಡರು. ರುಮಾಲಿನೊಳಗೆ ಸಾಹುಕಾರರ ಭುಜ ಕುಲುಕುತ್ತಿತ್ತು. ನಾನು ಬೆಳಕಿನಲ್ಲಿ ನಿಂತೇ ಗಟ್ಟಿಯಾಗಿ ಅತ್ತೂ ಬಿಟ್ಟೆ, ಗಟ್ಟಿಯಾಗಿ ನಕ್ಕೂ ಬಿಟ್ಟೆ, ಎರಡೂ ಒಟ್ಟಿಗೆ. ಕಂಡಿದ್ದೆ. ಒಂದು ಕೂದಲೆಳೆಯ ತನಕ ಅಮ್ಮಿಗೆ ನಾನು ಕಂಡಿದ್ದೆ.

ಮುಂದಿನ ಬೇಸಿಗೆಯ ಹೊತ್ತಿಗೆ ಅವಳಿಗೆ ಬಿಸಿಲೂ ಕಾಣದಾಯಿತು. ಯುದ್ಧ ಬಂದು ಪೆಟ್ರೋಲಿಗೆ ಬರ ಬಂತು, ಆ ಕಾರು ನಲ್ಲೂರಿನ ಅಡಿಕೆ ಗೋದಾಮಿನಲ್ಲಿ ಮತ್ತೆ ಇಲಿಗಳ ಪಾಲಾಯಿತೆಂದು ಕೇಳಿದೆ. ಈಗ ನನ್ನ ತಲೆ ಪೂರ್ತಿ ಬೆಳ್ಳಗಾಗಿದೆ. ಮಕ್ಕಳು ಮೊಮ್ಮಕ್ಕಳು ಬಣ್ಣ ಹಚ್ಚಿಕೋ ಎನ್ನುತ್ತಾರೆ, ನಾನು ಹಚ್ಚುವುದಿಲ್ಲ. ನನಗೆ ವಯಸ್ಸಾದದ್ದನ್ನು ಅಮ್ಮಿ ನೋಡಲಿಲ್ಲ ಎಂದು ಯಾರಾದರೂ ಅಂದರೆ ಒಪ್ಪುವುದೂ ಇಲ್ಲ. ಅವಳು ನೋಡಿದ್ದಾಳೆ, ಎಲ್ಲರಿಗಿಂತ ಮೊದಲೇ ನೋಡಿದ್ದಾಳೆ.